ಒಂಬತ್ತನೆಯ ತರಗತಿಯ ಅಂಕಪಟ್ಟಿ

ಬಿಜೂರಿನಲ್ಲಿ ಮೀನು ಮಾರುವ ಪದ್ದಕ್ಕನ ಮಗಳು ಪ್ರೇಕ್ಷಾ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ದೂರದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಬೇಕೆಂಬುದು ಅವಳ ಆಸೆ. ಅಲ್ಲಿಯವರು ಒಂಬತ್ತನೆಯ ತರಗತಿಯಿಂದ ಹಿಡಿದು ಎಲ್ಲ ಅಂಕಪಟ್ಟಿ ಕೇಳಿದ್ದಾರೆ. ಶುಕ್ರವಾರ ಕೊನೆಯ ದಿನ. ಉಳಿದದ್ದೆಲ್ಲ ಇದೆ, ಒಂಬತ್ತನೆಯದು ಮಾತ್ರ ಮನೆಯಲ್ಲಿ ಕಾಣುತ್ತಿಲ್ಲ.

ಅರ್ಜಿ ತುಂಬಲು ನೆರವಾಗುತ್ತಿದ್ದ ಪಂಚಾಯಿತಿ ಗ್ರಂಥಾಲಯದ ವಿನಯಾ ಬುಧವಾರ ಸಂಜೆ ಪದ್ದಕ್ಕನ ಮನೆಗೆ ಬಂದಳು.

“ಹ್ವಾಯ್ ಪದ್ದಕ್ಕ, ಅಂಕಪಟ್ಟಿ ಸಿಕ್ತಾ?”

“ಇಲ್ಲೆ ಮಾರಾಯ್ತಿ. ಇಲಿ ತಿಂದಿರ್ಕ್.”

“ಒಳ್ಳೆ ಮಾರ್ಕಿಂದೆಲ್ಲ ಬಿಟ್ಟ್ ಅದೊಂದೇ ತಿಂದದ್ದಾ? ಆ ಇಲಿಗೆ ಓದುಕ್ ಬತ್ತಾ?”

ಪ್ರೇಕ್ಷಾ ನಕ್ಕಳು. ಪದ್ದಕ್ಕ ನಗಲಿಲ್ಲ.

“ಅದ್ರಗೆ ಬರೀ ಐವತ್ತೆಂಟ್. ಅದ್ ಕಂಡ್ರೆ ಯಾರ್ ಸೀಟ್ ಕೊಡ್ತ್ರ್? ಫಸ್ಟ್ ಪಿಯುಸಿದ್ ಎಂಬತ್ತಾರ್ ಇತ್ತಲ್ದಾ, ಅದ್ ಸಾಕ್.”

“ದಕ್ಕೆಯಂಗೆ ದೋಣಿಯವ್ರ ಹತ್ರ ಬಂಗಡೆ ತಕಂಬಾಗ ನೀವ್ ಬುಟ್ಟಿ ಮೇಲಿಂದ್ ಮಾತ್ರ ಕಾಂತ್ರಿಯಾ?”

“ನಾನಾ? ಬುಟ್ಟಿ ಅಡಿ ತನ್ಕ ಕೈ ಹಾಕ್ದೆ ಎತ್ತುದೇ ಇಲ್ಲೆ!”

“ಆ ಯೂನಿವರ್ಸಿಟಿಯವ್ರೂ ಹಾಂಗೇ. ಯಾವ ವಿಷಯ ತಕಂಡಿದ್ಲ್, ಕಷ್ಟದ್ದಾ ಸುಲಭದ್ದಾ, ಆ ಶಾಲೆಯಂಗೆ ಎಂತೆಂತ ಕಲ್ಸ್ತ್ರ್, ವರ್ಷ ಹೋದಾಂಗೆ ಮಾರ್ಕ್ ಏರ್ತಾ ಇಳಿತಾ, ಎಲ್ಲ ಕಾಂತ್ರ್. ಒಂಬತ್ತನೇದ್ ಐವತ್ತೆಂಟ್, ಹತ್ತನೇದ್ ಎಪ್ಪತ್ತೊಂಬತ್ತ್, ಪಿಯುಸಿದ್ ಎಂಬತ್ತಾರ್. ಹೆಣ್ ಹತ್ತಿ ಬಂದದ್ ಕಾಣ್ಕಂದ್ರೆ ಮೊದಲಿನ ಮೆಟ್ಲೂ ಕಾಣ್ಕ್. ಆ ವರ್ಷ ಎಂತಾಯ್ತ್ ಅಂದ್ ಬರೆಯುಕೂ ಅರ್ಜಿಯಂಗೆ ಜಾಗ ಇತ್ತ್.”

ಆ ವರ್ಷ ಪದ್ದಕ್ಕನ ಕೈ ಮುರಿದಿತ್ತು. ಐದು ತಿಂಗಳು ಪ್ರೇಕ್ಷಾ ಬೆಳಿಗ್ಗೆ ಮೀನು ಮಾರಿ, ಎರಡು ಪೀರಿಯಡ್ ಮುಗಿದ ಮೇಲೆ ಶಾಲೆ ಸೇರುತ್ತಿದ್ದಳು.

“ಅದೆಲ್ಲ ನನ್ನಿಂದ ಆದ್ದ್. ಅದನ್ನ್ ಗುರ್ತಿಲ್ದವ್ರಿಗೆ ತೋರ್ಸುದಾ?” ಎಂದಳು ಪದ್ದಕ್ಕ.

“ಅಮ್ಮಾ, ಮೀನ್ ಮಾರಿದ್ ನಾನ್. ನಂಗೇ ನಾಚ್ಕಿ ಇಲ್ಲೆ, ನಿಂಗೆಂತಕೆ?” ಎಂದಳು ಪ್ರೇಕ್ಷಾ.

ಪದ್ದಕ್ಕ ಒಳಗೆ ಹೋಗಿ ಅಕ್ಕಿ ಡಬ್ಬದ ಅಡಿಯಿಂದ ಅಂಕಪಟ್ಟಿ ತಂದು ಮಗಳ ಮುಂದಿಟ್ಟಳು.

“ನಾನ್ ಹೇಳ್ತೆ, ನೀನ್ ಬರಿ ಮಗಾ. ಕೈ ಮುರ್ದದ್ ಬರಿ. ಮೀನ್ ಮಾರಿದ್ದೂ ಬರಿ. ಎಂತದೂ ಬಿಡ್ಬೇಡ.”

ಗುರುವಾರ ಅರ್ಜಿ ಹೋಯಿತು, ಎಲ್ಲ ಅಂಕಪಟ್ಟಿಗಳ ಜೊತೆ.

ಅಪ್ಪ ಅಮ್ಮಂದಿರೇ, ಪ್ರತಿ ವಿಶ್ವವಿದ್ಯಾಲಯದ ನಿಯಮ ಬೇರೆ. ಕೆಲವರು ಪ್ರವೇಶ ಪರೀಕ್ಷೆಯನ್ನಷ್ಟೇ ನೋಡುತ್ತಾರೆ, ಕೆಲವರು ವರ್ಷವರ್ಷದ ಅಂಕವನ್ನೂ ನೋಡುತ್ತಾರೆ. ಮೊದಲೇ ಕೇಳಿ ತಿಳಿದುಕೊಳ್ಳಿ. ಒಂಬತ್ತನೆಯಿಂದಲೇ ಅಂಕಪಟ್ಟಿ ಜೋಪಾನ ಮಾಡಿ. ಅಂಕ ಜಾಸ್ತಿ ಬರಲಿ ಎಂದು ಮಗು ಇಷ್ಟಪಟ್ಟ ಕಷ್ಟದ ವಿಷಯ ಬಿಡಿಸಬೇಡಿ. ಒಂದು ವರ್ಷ ಅಂಕ ಕಡಿಮೆ ಬಂದಿದ್ದರೆ, ಯಾಕೆ ಬಂತೆಂದು ಧೈರ್ಯವಾಗಿ ಬರೆಯಿಸಿ. ನಿಮ್ಮ ಮಗು ಪಟ್ಟ ಕಷ್ಟವನ್ನು ನೀವೇ ಬಚ್ಚಿಟ್ಟರೆ, ನೋಡುವವರಿಗೆ ಅದು ತಿಳಿಯುವುದಾದರೂ ಹೇಗೆ?