ಕುಪ್ಪಾಕ್ ಇಲ್ಲೇ ಇದ್ದಾನೆ

ಮಂತ್ರಿಯ ವಿಮಾನ ಇಳಿಯುವ ಮೊದಲೇ ಊಲಿಪೀಕ ಮೂಗು ಮುರಿದಿದ್ದಳು. ಹಿಮದ ಮೇಲೆ ಬಂಡಿ ಎಳೆಯುವ ನಾಯಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಅವಳಿನ್ನೂ ಸಣ್ಣ ಹುಡುಗಿ, ಈಗ ಬಾಯಲ್ಲಿ ಹಲ್ಲಿಲ್ಲ. ಇಷ್ಟು ದಿನ ಇಲ್ಲದ ನಾಚಿಕೆ ಸರ್ಕಾರಕ್ಕೆ ಈಗ ಬಂದಿದೆಯಂತೆ, ತಪ್ಪಾಯಿತು ಅನ್ನುತ್ತದಂತೆ. ಅನ್ನಲಿ, ಬೇಡ ಅಂದವರು ಯಾರು? ಆದರೆ ತಂಗಿಯ ಮಗ ಸಿಮಿಯೊನಿ, ಸರ್ಕಾರಿ ದುಭಾಷಿ, ಬೆಳಗ್ಗೆಯೇ ಅಡುಗೆಮನೆಗೆ ಬಂದು ಗೋಗರೆಯುತ್ತಿದ್ದ. ಮಂತ್ರಿಯ ಭಾಷಣ ಮುಗಿದ ಮೇಲೆ ದೊಡ್ಡಮ್ಮ ಎದ್ದು 'ಕ್ಷಮಿಸಿದ್ದೇವೆ' ಅನ್ನಬೇಕು. ಅಷ್ಟೇ. ತಾನು ಮೇಲಿನವರಿಗೆ ಮಾತು ಕೊಟ್ಟಾಗಿದೆ.

ಊಲಿಪೀಕ ಕಡಲಿನ ಸೀಲ್ ಪ್ರಾಣಿಯ ಮಾಂಸ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ನಾನ್ಯಾಕೋ ಕ್ಷಮಿಸ್ಲಿ? ನಾಯಿ ನನ್ನವಾ? ಅಪ್ಪನವು."

"ಅಜ್ಜ ಈಗಿಲ್ವಲ್ಲ ದೊಡ್ಡಮ್ಮ."

"ಇಲ್ಲ ಅಂತ ಯಾರಂದ್ರು ನಿಂಗೆ? ಪಟ್ಟಣದಲ್ಲಿ ನಾಲ್ಕಕ್ಷರ ಓದಿದ್ದಕ್ಕೆ ಅಜ್ಜನೇ ಮರೆತುಹೋದ್ನಾ?"

ದೊಡ್ಡಮ್ಮ ಯಾರನ್ನು ಹೇಳುತ್ತಿದ್ದಾಳೆಂದು ಸಿಮಿಯೊನಿಗೆ ಅರ್ಥವಾಯಿತು. ಎದುರಿಗಿದ್ದ ಚಹಾ ಅವನಿಗೆ ಸೇರಲಿಲ್ಲ.

ಅವಳ ಅಪ್ಪ ಕುಪ್ಪಾಕ್ ಒಂದು ಚಳಿಗಾಲ, ರಕ್ತ ಕೆಮ್ಮುತ್ತಿದ್ದ ಹೆಂಡತಿಯನ್ನು ಬಂಡಿಯಲ್ಲಿ ಮಲಗಿಸಿ, ಪುಟ್ಟ ಊಲಿಪೀಕಳನ್ನೂ ಕೂರಿಸಿಕೊಂಡು ಬೇಟೆಯ ಬಿಡಾರದಿಂದ ಈ ಊರಿಗೆ ಬಂದಿದ್ದ. ನಾಯಿಗಳನ್ನು ದಡದ ಮಂಜುಗಡ್ಡೆಯ ಮೇಲೆ ಕಟ್ಟಿ ಡಾಕ್ಟರ ಹತ್ತಿರ ಹೋದ. ವಾಪಸ್ಸು ಬಂದರೆ ಎಲ್ಲವೂ ಸತ್ತು ಬಿದ್ದಿದ್ದವು, ಪೊಲೀಸರು ಇನ್ನೂ ಅಲ್ಲೇ ನಿಂತಿದ್ದರು. ನಾಯಿಗಳಿಲ್ಲದೆ ಬಿಡಾರಕ್ಕೆ ಹೋಗುವುದು ಹೇಗೆ, ಬೇಟೆಯಾಡುವುದು ಹೇಗೆ? ಹತ್ತು ಮನೆಗೆ ಮಾಂಸ ಹಂಚುತ್ತಿದ್ದವನು ಸಾಯುವ ತನಕ ಅಂಗಡಿಯೆದುರು ಹಿಟ್ಟಿಗೆ ಸಾಲು ನಿಂತ. ಆ ದಿನದ ಬಗ್ಗೆ ತುಟಿ ಬಿಚ್ಚಲೇ ಇಲ್ಲ.

ಅವನು ತೀರಿಕೊಂಡ ವರ್ಷವೇ ಊಲಿಪೀಕಳಿಗೆ ಮೊಮ್ಮಗಳು ಹುಟ್ಟಿದಳು, ಅವನ ಹೆಸರನ್ನೇ ಇಟ್ಟರು. ಅವರ ಕಡೆ, ಹೆಸರು ಬಂತೆಂದರೆ ಸತ್ತವನೇ ತಿರುಗಿ ಬಂದ ಹಾಗೆ. ಅಂದಿನಿಂದ ಊಲಿಪೀಕ ಆ ಕೂಸನ್ನು 'ಅಪ್ಪಾ' ಅಂದಳು. ಮಾತು ಕಲಿತ ಮೇಲೆ ಕೂಸು ಅಜ್ಜಿಯನ್ನು 'ಮಗಳೇ' ಅಂದಿತು. ಆ ಕುಪ್ಪಾಕ್ ಈಗ ಅಂಗಡಿಯ ಗಲ್ಲಾದಲ್ಲಿ ಕೂರುವ, ಮೂಗಿನ ತುದಿಯಲ್ಲೇ ಕೋಪವಿರುವ ಹುಡುಗಿ.

ಸಂಜೆ ಸಭಾಂಗಣ ತುಂಬಿತ್ತು. ಮಂತ್ರಿ ಕಾಗದ ನೋಡಿಕೊಂಡು ಓದಿದ. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಓದಿದ, ಕಣ್ಣೂ ಒದ್ದೆಯಾಗಿತ್ತು. ಸಿಮಿಯೊನಿ ವೇದಿಕೆಯ ಮೇಲೆ ಕೂತಿದ್ದ ದೊಡ್ಡಮ್ಮನಿಗೆ ಸನ್ನೆ ಮಾಡಿದ. ಅವಳು ಎದ್ದಳು, ಆದರೆ ಮೈಕಿನ ಹತ್ತಿರ ಹೋಗದೆ ವೇದಿಕೆಯಿಳಿದು ಹಿಂದಿನ ಗೋಡೆಯವರೆಗೆ ನಡೆದಳು. ಅಲ್ಲಿ ಅಂಗಡಿಯ ಸಮವಸ್ತ್ರದಲ್ಲೇ ನಿಂತಿದ್ದ ಹುಡುಗಿಯ ಕೈ ಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

"ಇವನು ನಮ್ಮಪ್ಪ ಕುಪ್ಪಾಕ್. ನಾಯಿಗಳು ಇವನವು. ನೀವು ಹೇಳೋದನ್ನ ಇವನ ಮುಖ ನೋಡಿ ಹೇಳಿ."

ಸಿಮಿಯೊನಿ ಬೆವರುತ್ತಲೇ ಅನುವಾದಿಸಿದ. ಮಂತ್ರಿ ನಗಲು ಹೋದ. ಸಭೆಯಲ್ಲಿ ಒಬ್ಬರೂ ನಗದಿದ್ದದ್ದು ಕಂಡು ಕಾಗದ ಕೆಳಗಿಟ್ಟ. ಕುರ್ಚಿಯ ಮುಂದೆ ಮಂಡಿಯೂರಿದ. ನಿಮ್ಮ ನಾಯಿಗಳನ್ನು ಕೊಂದವರು ನಾವು, ತಪ್ಪಾಯಿತು ಅಂದ.

ಹುಡುಗಿ ಅವನನ್ನು ನೋಡಲಿಲ್ಲ. ಮುದುಕಿಯ ಕಡೆ ತಿರುಗಿದಳು.

"ಮಗಳೇ, ಅವತ್ತು ನಂಗೆ ಯಾಕೆ ಕೊಂದ್ವಿ ಅಂತ ಏನಾದ್ರೂ ಹೇಳಿದ್ರಾ ಇವರು?"

ಬದುಕಿರುವವರೆಗೂ ಅಪ್ಪ ಆಡದ ಮಾತು.

"ಇಲ್ಲ ಅಪ್ಪಾ. ಬಂದೂಕ ಹೆಗಲಿಗೇರಿಸ್ಕೊಂಡು ಸುಮ್ನೆ ಹೊರಟುಹೋದ್ರು."

ಆಗ ಕುಪ್ಪಾಕ್ ಮಂತ್ರಿಯನ್ನು ನೋಡಿದಳು.

"ನೀವು ಹೇಳಿದ್ದು ಕೇಳಿಸ್ತು. ಉತ್ತರ ನಂಗೆ ಕೊಡ್ಬೇಕು ಅನ್ನಿಸಿದಾಗ ಕೊಡ್ತೀನಿ. ಅಲ್ಲಿವರೆಗೂ ಕಾಯಿರಿ."

ಸಿಮಿಯೊನಿ ತಡವರಿಸಿದ. ಅಂದದ್ದನ್ನು ಅಂದ ಹಾಗೇ ಹೇಳು, ಮೆತ್ತಗೆ ಮಾಡಬೇಡ ಎಂದು ಊಲಿಪೀಕ ಗದರಿದಳು. ಅವನು ಹಾಗೇ ಹೇಳಿದ.

ಮಂತ್ರಿ ಮಂಡಿಯೂರಿದಲ್ಲೇ ಸುತ್ತಲೂ ನೋಡಿದ. ಏಳಿ ಎಂದು ಯಾರೂ ಹೇಳಲಿಲ್ಲ.