ಕುಳ್ಳಿನ ಗೋಡೆಯ ಮೇಲೆ ಚಹಾ

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತುಳಜಾರಾಮ ಶಾಗಿರ್ದನಾದ. ಕೆಲಸ ಕಲಿಸುವ ಉಸ್ತಾದ ಖಮರುದ್ದೀನನಿಗೆ ಆಗಿನ್ನೂ ಇಪ್ಪತ್ತನಾಲ್ಕು. ಶಾಗಿರ್ದ ಸಲಾಮು ಮಾಡಿದರೆ ಉಸ್ತಾದನೇ ನಾಚಿ ಎದ್ದು ನಿಲ್ಲುತ್ತಿದ್ದ. ಉಸ್ತಾದ ನಿಂತಿರುವಾಗ ಶಾಗಿರ್ದ ಕೂರುವುದು ಹೇಗೆ? ಹೀಗಾಗಿ ಮೊದಲ ವಾರವೆಲ್ಲ ಬೆಳಿಗ್ಗೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತೇ ಇರುತ್ತಿದ್ದರು.

ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಖಮರುದ್ದೀನ ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು ಹುಮನಾಬಾದಿನ ಪೇಟೆಯಲ್ಲಿ ಜಾಹೀರಾತಿನ ಕಾರ್ಯಾಲಯ ತೆರೆದಿದ್ದ. ಕಾರ್ಯಾಲಯವೆಂದರೆ ಒಂದು ಕೋಣೆ, ಎರಡು ಏಣಿ, ಹನ್ನೊಂದು ಬಣ್ಣದ ಡಬ್ಬಿ. ಹಲ್ಲುಪುಡಿ, ಸಾಬೂನು, ಬೀಡಿ ಮಾಡುವವರು ಕಾಗದ ಬರೆದರೆ ಅವನು ಊರೂರಿನ ಗೋಡೆಗಳ ಮೇಲೆ ಅವರ ಹೆಸರು ಬರೆದು ಬರುತ್ತಿದ್ದ.

ತುಳಜಾರಾಮ ಅದುವರೆಗೆ ಹದಿನಾರು ವರ್ಷ ಮಹಾರುದ್ರಪ್ಪನವರ ಅರಿವೆ ಅಂಗಡಿಯಲ್ಲಿ ಬಟ್ಟೆ ಅಳೆದವನು. ‘ಹೊಸ ಸೀರೆ ಬಂದಿವೆ’ ಎಂದು ಅಂಗಡಿಯ ಹಲಗೆಯ ಮೇಲೆ ಬರೆಯುವ ದಿನವೇ ಅವನ ಪಾಲಿಗೆ ಹಬ್ಬ. ಮೂರು ತಿಂಗಳು ಸಂಬಳವಿಲ್ಲದೆ ಕಲಿತರೆ, ಕೈ ಕುದುರಿದರೆ, ಖಾಯಂ ಮಾಡಿಕೊಳ್ಳುವುದಾಗಿ ಖಮರುದ್ದೀನ ಹೇಳಿದ್ದ. ಇಲ್ಲವಾದರೆ ಮತ್ತೆ ಬಟ್ಟೆ ಅಳೆಯುವುದು, ಮುಪ್ಪಿನವರೆಗೆ.

ಮಹಾರುದ್ರಪ್ಪನವರು ಬೈಯುವ ದನಿಯಲ್ಲೇ ಹೇಳಿದರು: “ಹೋಗು. ಮೂರು ತಿಂಗಳು ನಿನ್ನ ಜಾಗಾದಾಗ ಯಾರನ್ನೂ ಕೂಡ್ಸಂಗಿಲ್ಲ. ಆಮ್ಯಾಲ ನನ್ನ ಮ್ಯಾಲ ತಪ್ಪು ಹಾಕಬ್ಯಾಡ.”

ಹೆಂಡತಿ ದ್ರೌಪತಿ ಹಪ್ಪಳ ಲಟ್ಟಿಸಿ ಮಾರುತ್ತೇನೆಂದಳು. ಜೊತೆಗೆ, “ನಿಮ್ಮ ಮಗನೂ ಇದೇ ವರ್ಷ ಸಾಲಿಗೆ ಹೊಂಟಾನ. ಅಪ್ಪ ಮಗ ಇಬ್ರೂ ಕೈ ಹಿಡ್ಕೊಂಡು ಹೋಗ್ರಿ, ನಂಗೂ ಬುತ್ತಿ ಒಮ್ಮೆಲೆ ಕಟ್ಟೂದಾಗ್ತದ,” ಎಂದಳು.

ಮೊದಲ ತಿಂಗಳು ಸುಣ್ಣ ಕಲಸುವುದು, ಎರಡನೆಯದರಲ್ಲಿ ಉಸ್ತಾದ ಬರೆದ ಗೆರೆಯೊಳಗೆ ಬಣ್ಣ ತುಂಬುವುದು. ಅವನ ಸ್ವಂತ ಅಕ್ಷರ ನೋಡಿ ಖಮರುದ್ದೀನ ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಕಾಕಾ, ಬೇಜಾರ ಮಾಡ್ಕೋಬ್ಯಾಡ್ರಿ. ನಿಮ್ಮ ಅಕ್ಷರ ಗಾಳಿಗೆ ಬಾಗಿದ ಜ್ವಾಳದಂಗ ಅದಾವ.”

“ಎಲ್ಲಾ ಒಂದೇ ಕಡೀಗೆ ಬಾಗ್ಯಾವಲ್ರಿ, ಉಸ್ತಾದ್?”

“ಹೌದು, ಅದೊಂದು ಛಲೋ ಅದ.”

ಮೂರನೆಯ ತಿಂಗಳು ಪರೀಕ್ಷೆ ಬಂತು. ಈಗ ನಾವು ಬಸವಕಲ್ಯಾಣ ಎನ್ನುವ ಊರಿಗೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಮೋಟಾರು ನಿಲ್ಲುವ ಜಾಗದ ಎದುರಿಗೆ ಬಕ್ಕಪ್ಪನೆಂಬವರ ಮನೆಯ ಗೋಡೆ. ಸೊಲ್ಲಾಪುರದ ಚಹಾ ಕಂಪನಿಯೊಂದರ ಜಾಹೀರಾತನ್ನು ತುಳಜಾರಾಮ ಒಬ್ಬನೇ ಅದರ ಮೇಲೆ ಬರೆಯಬೇಕು. ಗುರುವಾರ ಕಂಪನಿಯ ಇನ್ಸ್‌ಪೆಕ್ಟರು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಅವನು ಖಾಯಂ.

ಸೋಮವಾರ ಸುಣ್ಣದ ಬುಟ್ಟಿ ಹೊತ್ತು ಹೋಗಿ ನೋಡಿದರೆ, ಗೋಡೆಯ ತುಂಬ ಸಗಣಿ ತಟ್ಟಿದ ಕುಳ್ಳು. ಐದು ಬೆರಳಿನ ಗುರುತು ಮೂಡಿದ ದುಂಡನೆಯ ಹಸಿ ಕುಳ್ಳು, ಅವನ ಅಕ್ಷರಗಳಿಗಿಂತ ಎಷ್ಟೋ ನೆಟ್ಟಗಿನ ಸಾಲಿನಲ್ಲಿ. ಬಕ್ಕಪ್ಪನ ಹೆಂಡತಿ ಮಾಣಿಕಮ್ಮ ಕೈತುಂಬ ಸಗಣಿ ಹಿಡಿದು ನಿಂತಿದ್ದಳು.

“ಅಕ್ಕಾ, ಬಕ್ಕಪ್ಪನವರು ಎಲಿ ಅಡಿಕಿ ತಗೊಂಡು ಹೂಂ ಅಂದಾರ್ರಿ.”

“ಅಂದಿರಬೇಕು. ಗ್ವಾಡಿ ಅವರದು. ಗ್ವಾಡಿ ಮ್ಯಾಲಿಂದು ನಂದು. ನಂಗ್ಯಾರು ಎಲಿ ಅಡಿಕಿ ಕೊಟ್ಟಾರ?”

ಅವನು ವಾದಿಸಲಿಲ್ಲ. ಬಟ್ಟೆಯಂಗಡಿಯಲ್ಲಿ ಹೆಂಗಸರೊಡನೆ ವಾದಿಸಿ ಯಾರೂ ಒಂದು ಕುಪ್ಪಸದ ಕಣ ಮಾರಿದ್ದಿಲ್ಲ. ಮೊದಲು ಎಲೆ ಅಡಿಕೆ ತಂದು ಅವಳ ಕೈಗೂ ಕೊಟ್ಟ. ಆಮೇಲೆ, “ನಿಮಗ ಕೈ ಎಷ್ಟು ಎತ್ತರ ಎಟಕ್ತದ, ತೋರಿಸ್ರಿ,” ಎಂದ. ಅವಳು ತೋರಿಸಿದಳು. ಅಲ್ಲಿಗೆ ಸುಣ್ಣದ ದಾರ ಹಿಡಿದು ಗೆರೆ ಎಳೆದ. “ಇದರ ಕೆಳಗ ನೀವು. ಮ್ಯಾಲ ನಾನು. ನಾ ಕೆಳಗ ಬರಂಗಿಲ್ಲ.”

“ನಾ ಮ್ಯಾಲ ಬರಾಕ ನನಗೇನು ರೆಕ್ಕಿ ಅದಾವೇನು,” ಎಂದು ಮಾಣಿಕಮ್ಮ ನಕ್ಕಳು.

ಮಾತೇನೋ ಕೊಟ್ಟ, ಆದರೆ ಜಾಗ ಅರ್ಧಕ್ಕರ್ಧ ಹೋಯಿತು. ಚಹಾದ ಕಪ್ಪು ಮತ್ತು ಕಂಪನಿಯ ಹೆಸರು ಹಿಡಿಸಿದ ಮೇಲೆ ಉಳಿದದ್ದು ಒಂದೇ ಸಾಲಿನಷ್ಟು. ಕಂಪನಿಯವರು ಬರೆದು ಕಳಿಸಿದ ಸಾಲೋ, ‘ಶ್ರಮಪರಿಹಾರಕ ಹಾಗೂ ಉತ್ಸಾಹವರ್ಧಕವಾದ ಸರ್ವೋತ್ತಮ ಪೇಯ’. ಎಷ್ಟು ಸಣ್ಣದಾಗಿ ಬರೆದರೂ ಪಕ್ಕದ ಮನೆಯ ಗೋಡೆಗೆ ಹೋಗುತ್ತದೆ. ಮಾಣಿಕಮ್ಮನಿಗೆ ಓದಿ ಹೇಳಿದ. “ಇದು ಯಾವ ದೇವರ ಮಂತ್ರರಿ?” ಎಂದಳು.

ಮಂಗಳವಾರವೆಲ್ಲ ಏಣಿಯ ಮೇಲೆ ಕುಳಿತು ಯೋಚಿಸಿದ. ಬುಧವಾರ ಮಧ್ಯಾಹ್ನವೂ ಅಲ್ಲೇ ಇದ್ದ. ಹೆಸರು, ಕಪ್ಪು ಎರಡೂ ಮುಗಿದಿದ್ದವು, ನಡುವಿನ ಸಾಲು ಖಾಲಿ. ಹೊಟ್ಟೆ ಹಸಿದದ್ದೂ ಅವನಿಗೆ ತಿಳಿದಿರಲಿಲ್ಲ, ಆದರೆ ಕೆಳಗಿದ್ದವಳಿಗೆ ತಿಳಿದಿತ್ತು. ಎರಡು ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಮೇಲೆ ನೋಡಿ ಕರೆದಳು.

“ಬರ್ರಿ, ಕುಂದರ್ರಿ, ರೊಟ್ಟಿ ತಿನ್ರಿ.”

ತುಳಜಾರಾಮ ಏಣಿ ಇಳಿದು, ರೊಟ್ಟಿ ತಿಂದು, ಕೈ ತೊಳೆದು, ಮತ್ತೆ ಹತ್ತಿದ. ಹೊತ್ತು ಮುಳುಗುವುದರೊಳಗೆ ಮೊಳದೆತ್ತರದ ಕೆಂಪು ಅಕ್ಷರದಲ್ಲಿ ಬರೆದಿದ್ದ: ‘ಬರ್ರಿ, ಕುಂದರ್ರಿ, ಚಾ ಕುಡೀರಿ.’

ಗುರುವಾರ ಮೋಟಾರಿನಿಂದ ಇನ್ಸ್‌ಪೆಕ್ಟರು ಇಳಿದರು. ಹ್ಯಾಟು, ಕೋಟು, ಬಗಲಲ್ಲಿ ಚಹಾಪುಡಿಯ ನಮೂನೆಗಳ ಪೆಟ್ಟಿಗೆ. ಹಿಂದೆ ಖಮರುದ್ದೀನ. ಇಬ್ಬರೂ ಮೊದಲು ಮೇಲೆ ನೋಡಿದರು, ಆಮೇಲೆ ಕೆಳಗೆ.

“ಚಹಾದ ಕೆಳಗ ಸಗಣಿ,” ಎಂದರು ಇನ್ಸ್‌ಪೆಕ್ಟರು, ಬಹಳ ಮೆಲ್ಲಗೆ. “ಮತ್ತ ನಮ್ಮ ವಾಕ್ಯ ಎಲ್ಲಿ?”

“ಜಾಗಾದಾಗ ಹಿಡಿಸಲಿಲ್ರಿ, ಸಾಹೇಬ್ರ,” ಎಂದ ತುಳಜಾರಾಮ.

“ಕುಳ್ಳು ತೆಗಸ್ರಿ. ಎಲ್ಲಾ ಅಳಿಸಿ ಹೊಸದಾಗಿ ಬರೀರಿ.”

“ಅಳಿಸಿ ಬರೀತೀನ್ರಿ. ಕುಳ್ಳು ತೆಗ್ಯಾಕ ಬರಂಗಿಲ್ರಿ. ಅಕ್ಕಗ ಮಾತು ಕೊಟ್ಟೀನಿ.”

ಹೇಳಿದ ಮೇಲೆ ಅವನಿಗೆ ಮತ್ತೆ ತಾನು ಅಳೆಯಬೇಕಾದ ಮಾರುಗಟ್ಟಲೆ ಬಟ್ಟೆ ಕಣ್ಣ ಮುಂದೆ ಬಂತು. ಖಮರುದ್ದೀನ ಮುಂದೆ ಬಂದ. “ನನ್ನ ಶಾಗಿರ್ದ ಕೊಟ್ಟ ಮಾತು ನನ್ನದೂ ಹೌದ್ರಿ, ಸಾಹೇಬ್ರ,” ಎಂದ. ಕಂಪನಿಯ ಕೆಲಸ ಅವನಿಗೂ ಬೇಕಿತ್ತು.

ಅಷ್ಟರಲ್ಲಿ ಅದೇ ಮೋಟಾರಿನಿಂದ ಇಳಿದ ಮೋರಖಂಡಿಯ ಮುದುಕರೊಬ್ಬರು ಗೋಡೆಯ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ, ಚಪ್ಪಲಿ ಬಿಟ್ಟು, ಮಾಣಿಕಮ್ಮನ ಕಟ್ಟೆಯ ಮೇಲೆ ಕುಳಿತರು. ಅವರು ಕುಳಿತದ್ದು ನೋಡಿ ಜೊತೆಗಿದ್ದ ನಾಲ್ವರೂ ಕುಳಿತರು.

“ಯಾರ್ರಿ ನೀವು?” ಎಂದಳು ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡು ಹೊರಗೆ ಬಂದ ಮಾಣಿಕಮ್ಮ.

“ನೀವೇ ಕರದೀರಲ್ಲವಾ, ಗ್ವಾಡಿ ಮ್ಯಾಲ. ಇಂಥ ದೊಡ್ಡ ಮನಸು ನಾ ಎಲ್ಲೂ ನೋಡಿಲ್ಲ. ಅವಸರಿಲ್ಲ, ಸಾವಕಾಶ ಆಗಲಿ.”

ಮನೆಯ ಗೋಡೆಯ ಮೇಲಿನ ಮಾತು ಮನೆಯವರದ್ದೇ ಎಂದು ಅವರು ತಿಳಿದಿದ್ದರು. ಮಾಣಿಕಮ್ಮ ಮೇಲಿನ ಅಕ್ಷರ ನೋಡಿದಳು, ತುಳಜಾರಾಮನನ್ನು ನೋಡಿದಳು. ಕಟ್ಟೆಗೆ ಬಂದು ಕೂತವರನ್ನು ಎಬ್ಬಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಳು ನೇರ ಇನ್ಸ್‌ಪೆಕ್ಟರ ಮುಂದೆ ಬಂದು ಕೈ ಚಾಚಿದಳು. “ಪುಡಿ ಕೊಡ್ರಿ ಸಾಹೇಬ್ರ. ನಮ್ಮ ಮನ್ಯಾಗ ಚಾ ಯಾರೂ ಮಾಡಿಲ್ಲ. ಹ್ಯಾಂಗ ಮಾಡೂದು ಅದನ್ನೂ ಹೇಳ್ರಿ.”

ಗೋಡೆಯ ಬುಡದ ಸಾಲಿನಿಂದ ನಾಲ್ಕು ಒಣಗಿದ ಕುಳ್ಳು ಕಿತ್ತು ಒಲೆಗೆ ಒಯ್ದಳು. “ಇದರ ಮ್ಯಾಲೇ ಕುದೀತದ್ರಿ ನಿಮ್ಮ ಚಾ. ಮ್ಯಾಲ ಕೆಳಗ ಅಂತ ಏನೋ ಅನ್ನಾಕತ್ತಿದ್ರಲ್ಲ.”

ಇನ್ಸ್‌ಪೆಕ್ಟರು ಕೋಟು ಬಿಚ್ಚಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎಷ್ಟು ಪುಡಿ, ಎಷ್ಟು ಬೆಲ್ಲ ಎಂದು ಹೇಳಿಕೊಟ್ಟರು. ಬಟ್ಟಲು ಸಾಲದೆ ತಂಬಿಗೆಗಳೂ ಹೊರಗೆ ಬಂದವು. ಮುದುಕರು ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ಈ ಪುಡಿ ಪೇಟೆಯಲ್ಲಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. ಇನ್ಸ್‌ಪೆಕ್ಟರು ಹೊಗೆಗೆ ನೀರಾಡಿದ ಕಣ್ಣೊರೆಸಿಕೊಂಡು ನೋಟುಬುಕ್ಕು ತೆಗೆದರು. ‘ಕಲ್ಯಾಣಿ, ಒಂದು ಗೋಡೆ, ಸರಿಯಿದೆ’ ಎಂದು ಬರೆದು, “ಅಕ್ಷರ ಸೊಟ್ಟ ಅದಾವ,” ಎಂದು ಬಾಯಿಮಾತಿನಲ್ಲಷ್ಟೇ ಹೇಳಿದರು.

ಹುಮನಾಬಾದಿಗೆ ಮರಳುವ ಮೋಟಾರಿನಲ್ಲಿ ಖಮರುದ್ದೀನ ಕಿಟಕಿಯ ಜಾಗವನ್ನು ತುಳಜಾರಾಮನಿಗೆ ಬಿಟ್ಟುಕೊಟ್ಟ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: “ಕಾಕಾ, ಮಹಾರುದ್ರಪ್ಪನವರಿಗೆ ನಾನೇ ಹೋಗಿ ಹೇಳ್ತೀನಿ, ಬ್ಯಾರೆ ಆಳು ನೋಡ್ಕೋರಿ ಅಂತ. ಸಾಲು ನೀವು ಹುಡುಕ್ರಿ, ಗೆರಿ ನಾ ಎಳೀತೀನಿ, ಬಣ್ಣ ಇಬ್ರೂ ತುಂಬೋಣು.”

ತುಳಜಾರಾಮ ಉಗುರಿಗಂಟಿದ ಕೆಂಪು ಬಣ್ಣ ಕೆರೆಯುತ್ತ ಹೂಂ ಎಂದ.

“ಸೋಮವಾರ ಹುಲಸೂರ,” ಎಂದ ಖಮರುದ್ದೀನ. “ಹಲ್ಲುಪುಡೀದು. ಗ್ವಾಡಿ ಒಬ್ಬ ಗೌಡರದು, ಭಾಳ ಸಿಟ್ಟಿನ ಮನುಷ್ಯ ಅಂತಾರ.”

“ಅವರ ಮನ್ಯಾಗ ಹೆಣ್ಮಕ್ಕಳು ಎಷ್ಟು ಮಂದಿ ಅದಾರ್ರಿ, ಉಸ್ತಾದ್? ಎಲಿ ಅಡಿಕಿ ಎಷ್ಟು ಕಟ್ಟಿಸಬೇಕು?” ಎಂದು ತುಳಜಾರಾಮ ಕೇಳಿದ.