ಇಳಿಸದೆ ಬಿಟ್ಟ ಬಾವುಟ

ಹಿಮ ಬೆರೆತ ಮಳೆ ಬೆಳಗಿನಿಂದ ಬಿಟ್ಟೂ ಬಿಡದೆ ಹುಯ್ಯುತ್ತಿತ್ತು. ಚಿಕ್ಕಮ್ಮನ ಹೋಟೆಲಿನ ಕಿಟಕಿಯನ್ನು ರೆಟ್ಟಾ ಒರೆಸುತ್ತಿದ್ದದ್ದು ಇದು ನಾಲ್ಕನೇ ಸಲ. ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಎದುರಿನ ಗುಡ್ಡ. ಗುಡ್ಡದ ಮೇಲೆ ಥರ್ಮನ್ ವೋಗಲ್‌ನ ಮನೆ, ಮನೆಯ ಮುಂದೆ ಕಂಬ, ಕಂಬದ ತುದಿಯಲ್ಲಿ ದೇಶದ ಬಾವುಟ.

ಬಾವುಟ ಮೇಲೇ ಇತ್ತು. ನೆನೆದು, ಭಾರವಾಗಿ, ಕಂಬಕ್ಕೆ ಅಂಟಿಕೊಂಡಿತ್ತು.

ಪಿನ್ ಓಕ್ ಊರಿನಲ್ಲಿ ಎಲ್ಲರಿಗೂ ಒಂದು ಅಭ್ಯಾಸ. ಬೆಳಿಗ್ಗೆ ಮನೆಯಿಂದ ಹೊರಬಿದ್ದಾಗ ಗುಡ್ಡದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಬಾವುಟ ಏರಿದ್ದರೆ ಥರ್ಮನ್ ಎದ್ದಿದ್ದಾನೆ, ಚೆನ್ನಾಗಿದ್ದಾನೆ ಎಂದು ಅರ್ಥ. ಆಮೇಲೆ ತಮ್ಮ ತಮ್ಮ ಕೆಲಸ. ಅವನ ಬಾಗಿಲಿಗೆ ಹೋಗಿ ವಿಚಾರಿಸುವ ಪದ್ಧತಿ ಇರಲಿಲ್ಲ, ಅದು ಅವನಿಗೆ ಹಿಡಿಸುತ್ತಲೂ ಇರಲಿಲ್ಲ. ಸೈನ್ಯದಲ್ಲಿ ಇದ್ದು ಬಂದವನು, ಮದುವೆಯಾಗದೆ ಉಳಿದವನು, ಎಪ್ಪತ್ತೆಂಟು ದಾಟಿದರೂ ತನ್ನ ಸೌದೆ ತಾನೇ ಒಡೆಯುವವನು. ಗೇಟಿಗೆ ಕೈಯಾರೆ ಬರೆದು ಬೋರ್ಡು ತೂಗುಹಾಕಿದ್ದ: 'ಕರೆಯದೆ ಒಳಗೆ ಬರುವವರು ಮೊದಲು ದೇವರ ಹತ್ತಿರ ಮಾತಾಡಿಕೊಂಡು ಬನ್ನಿ.' ಬೇಸಿಗೆಯಲ್ಲಿ ಜಮೀನು ಅಳೆಯಲು ಬಂದ ಕೌಂಟಿ ಸರ್ಕಾರದವನೊಬ್ಬ ಬೋರ್ಡು ಓದಿಯೂ ಒಳಗೆ ಕಾಲಿಟ್ಟಿದ್ದ. ಥರ್ಮನ್‌ನ ಗುಂಡು ಆಕಾಶಕ್ಕೆ ಹಾರಿತ್ತು, ಅವನ ಟೊಪ್ಪಿ ಚರಂಡಿಯಲ್ಲಿ ಸಿಕ್ಕಿತ್ತು.

"ಚಿಕ್ಕಮ್ಮಾ, ಥರ್ಮನ್ ಅವರ ಬಾವುಟ ಮಳೇಲಿ ನೆನೀತಿದೆ," ಎಂದಳು ರೆಟ್ಟಾ.

ಅವಳ ದನಿ ಎಂದಿನಂತೆ ಎರಡು ಮೇಜಿನಾಚೆ ತಲುಪಲಿಲ್ಲ. ಚಿಕ್ಕಮ್ಮ ವನೀಟಾ ಕಾಫಿ ಸುರಿಯುತ್ತಲೇ ಇದ್ದಳು. ರೆಟ್ಟಾ ಇನ್ನೊಮ್ಮೆ ಹೇಳಬೇಕಾಯಿತು.

"ಇದೆಯಲ್ಲ ಮೇಲೆ? ಮತ್ತೇನಂತೆ?" ಎಂದ ಹಂದಿ ಸಾಕುವ ಲೀಲ್ಯಾಂಡ್. ಪಂಚಾಯಿತಿ ಮಂಡಳಿಯಲ್ಲೂ ಇದ್ದವನು ಅವನು. "ಬಾವುಟ ಇದೆ ಅಂದ್ರೆ ಮುದುಕ ಇದ್ದಾನೆ ಕಣಮ್ಮ. ಅವನಿಗೇನಾಗುತ್ತೆ? ಸಾವು ಬಂದ್ರೂ ಗೇಟಲ್ಲಿ ಬೋರ್ಡು ಓದಿ ವಾಪಸ್ ಹೋಗುತ್ತೆ."

ಕೂತವರೆಲ್ಲ ನಕ್ಕರು.

"ಮಳೆ ಬಂದ್ರೆ ಅವರು ಇಳಿಸ್ತಾರೆ. ಸಂಜೆ ಆದ್ರೂ ಇಳಿಸ್ತಾರೆ. ಒಂದಿನಾನೂ ತಪ್ಪಿಸಿಲ್ಲ," ಎಂದಳು ರೆಟ್ಟಾ.

ನಗು ನಿಂತಿತು. ಲೀಲ್ಯಾಂಡ್ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತು ನೋಡಿದ. ವನೀಟಾ ಥರ್ಮನ್‌ನ ಮನೆಗೆ ಫೋನು ಮಾಡಿದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಅವನು ಯಾವತ್ತು ಎತ್ತಿದ್ದಾನೆ ಹೇಳು," ಎಂದಳು. ಆದರೂ ಷೆರಿಫ್‌ನ ಪೊಲೀಸ್ ಕಚೇರಿಗೆ ಮಾಡಿದಳು. ಕೇಳಿಸಿಕೊಂಡು, ಫೋನನ್ನು ಮೆಲ್ಲಗೆ ಇಟ್ಟಳು. "ಇರೋನೊಬ್ಬನೇ ಡೆಪ್ಯುಟಿ. ನದಿಯಾಚೆ ಎರಡು ಲಾರಿ ಮಗುಚಿದಾವಂತೆ. ಒಂದೂವರೆ ಗಂಟೆ ಅಂತಾರೆ, ಜಾಸ್ತಿನೂ ಆಗಬಹುದು."

ಇನ್ನೊಬ್ಬ ಡೆಪ್ಯುಟಿಗೆ, ಹತ್ತಿರದಲ್ಲೊಂದು ಆಂಬುಲೆನ್ಸಿಗೆ ತೆರಿಗೆ ಏರಿಸಬೇಕೇ ಎಂದು ಊರವರು ಏಪ್ರಿಲ್‌ನಲ್ಲಿ ಮತ ಹಾಕಿದ್ದರು. ಬೇಡ ಎನ್ನುವುದೇ ಗೆದ್ದಿತ್ತು. ರೆಟ್ಟಾಳೂ ಬೇಡ ಎಂದೇ ಗುರುತು ಹಾಕಿದ್ದಳು, ಮನಸ್ಸಿನಿಂದಲೇ. ಅದಕ್ಕೆ ಮುಂಚೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ನಡೆದಿತ್ತು. ಪ್ರಾರ್ಥನೆ ಮುಗಿದು, ಎದೆಯ ಮೇಲೆ ಕೈಯಿಟ್ಟು ಬಾವುಟಕ್ಕೆ ಪ್ರತಿಜ್ಞೆ ಮಾಡಿ ಎಲ್ಲರೂ ಕೂತರೂ ಥರ್ಮನ್ ನಿಂತೇ ಇದ್ದ. "ಯಾವುದೋ ಆಫೀಸು ನನ್ನನ್ನ ನೋಡ್ಕೋಬೇಕಾಗಿಲ್ಲ. ನನಗೆ ನೆರೆಹೊರೆ ಇದೆ," ಎಂದಿದ್ದ. ಅಷ್ಟೇ ಹೇಳಿ ಕೂತಿದ್ದ. ಆ ಮಾತನ್ನು ರೆಟ್ಟಾ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನಲ್ಲೇ ಹೇಳಿಕೊಂಡಿದ್ದಳು.

"ಕಾಯೋಣ," ಎಂದ ಲೀಲ್ಯಾಂಡ್. "ಅವನ ಜಾಗ, ಅವನ ಇಷ್ಟ. ಜ್ವರ ಬಂದು ಮಲಗಿರಬಹುದು. ನಾಳೆ ಎದ್ದು ಯಾಕ್ರೋ ನುಗ್ಗಿದ್ರಿ ಅಂದ್ರೆ?"

ರೆಟ್ಟಾ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ನಿನ್ನೆ ಕೆಲಸ ಮುಗಿಸಿ ಹೋಗುವಾಗ ಕತ್ತಲಾಗುತ್ತಿತ್ತು, ಬಾವುಟ ಇನ್ನೂ ಮೇಲಿತ್ತು. ಅವಳು ಗುಡ್ಡ ಹತ್ತಿ, ಗೇಟಿನ ಮುಂದೆ ಗಾಡಿ ನಿಲ್ಲಿಸಿ ಇಳಿದಿದ್ದಳು. ಬೋರ್ಡು ಓದಿದ್ದಳು. ಕೈ ಬಾಯಿಯ ತನಕ ಹೋಗಿತ್ತು, ಕೂಗು ಹೊರಡಲಿಲ್ಲ. ಐದು ನಿಮಿಷ ನಿಂತು ವಾಪಸ್ ಹೋಗಿದ್ದಳು. ರಾತ್ರಿಯೆಲ್ಲ ಮಂಜು ಬಿದ್ದಿತ್ತು.

ಏಪ್ರನ್ ಬಿಚ್ಚಿ ಕೌಂಟರಿನ ಕೆಳಗೆ ತುರುಕಿ, ಹಿಂಬಾಗಿಲಿನಿಂದ ಹೊರಬಿದ್ದಳು. ಅವಳು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಅವಳು ಇದ್ದದ್ದೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಗೇಟಿಗೆ ಬೀಗ ಇತ್ತು. ಹತ್ತಿ ದಾಟಿದಳು. ಕಾಲು ಆಚೆ ನೆಲ ಮುಟ್ಟಿದ ಕ್ಷಣದಲ್ಲಿ ಬೆನ್ನು ತನ್ನಷ್ಟಕ್ಕೆ ಬಾಗಿತು, ಏನೋ ಬಂದು ತಾಗುತ್ತದೆ ಎನ್ನುವ ಹಾಗೆ. ಏನೂ ಬರಲಿಲ್ಲ. ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ನೀರು ಒಂದೊಂದು ಹೆಜ್ಜೆಗೂ ಚುರುಚುರು ಮುರಿಯುತ್ತಿತ್ತು. ಇಷ್ಟು ಸದ್ದು ಮಾಡುವ ನೆಲವನ್ನು ಅವಳು ತುಳಿದೇ ಇರಲಿಲ್ಲ.

ಮನೆಯ ಬಾಗಿಲು ಒಂದು ಗೇಣಿನಷ್ಟು ತೆರೆದಿತ್ತು. ಒಳಗೆ ಕಪ್ಪು. ಚಿಮಣಿಯಲ್ಲಿ ಹೊಗೆ ಇಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳ ಕಾಲುಗಳು ನಿಂತುಬಿಟ್ಟವು. "ಸರ್," ಎಂದಳು. ಅದು ಅವಳ ಕಿವಿಗೇ ಸರಿಯಾಗಿ ಬೀಳಲಿಲ್ಲ. ಆ ಕಪ್ಪು ಸಂದಿಯಲ್ಲಿ ಬಂದೂಕಿನ ತುದಿ ಇದ್ದರೆ? ಇರಲೇಬೇಕಲ್ಲ. ಬಿದ್ದಿರುವ ಮನುಷ್ಯ, ಹೆದರಿದ ಮನುಷ್ಯ, ಯಾರದೋ ಹೆಜ್ಜೆ. ತಾನೇ ಆಗಿದ್ದರೂ ಬಂದೂಕು ಹಿಡಿದುಕೊಳ್ಳುತ್ತಿದ್ದಳು. ಅವನು ಬದುಕಿಲ್ಲದಿದ್ದರೆ ಗುಂಡು ಹಾರುವುದಿಲ್ಲ. ಬದುಕಿದ್ದರೆ ಹಾರುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಆಗ ಅವಳು ಬಾಗಿಲನ್ನು ಬಿಟ್ಟು ಕಂಬದ ಕಡೆ ಹೋದಳು. ಬಾವುಟ ಇಳಿಸಲು ಬಂದವರನ್ನು ಥರ್ಮನ್ ಕಳ್ಳರೆಂದು ಎಣಿಸಲಾರ. ಹಗ್ಗ ಮರದ ಕೊರಡಿನಂತೆ ಗಟ್ಟಿಯಾಗಿತ್ತು. ಎರಡೂ ಕೈ ಸುತ್ತಿ ಜಗ್ಗಿದಳು, ಅಂಗೈ ಕಿತ್ತುಬಂದಂತಾಯಿತು. ಮಂಜು ಬಿರಿದು ಮೇಲಿನ ರಾಟೆ ಕಿರುಗುಟ್ಟಿತು, ಕೊಂಡಿಗಳು ಕಂಬಕ್ಕೆ ಟಣ್ ಟಣ್ ಎಂದು ಬಡಿದವು. ಬಾವುಟ ಒದ್ದೆ ಕಂಬಳಿಯಂತೆ ಅವಳ ತೋಳಿಗೆ ಬಂದು ಬಿತ್ತು.

ಒಳಗಿನಿಂದ, ಬಹಳ ತಗ್ಗಿನಿಂದ ಬಂದಂತೆ, ಒಂದು ಒಡಕು ದನಿ: "ಯಾರದು... ಅದನ್ನ ನೆಲಕ್ಕೆ ತಾಗಿಸ್ಬೇಡ!"

"ಇಲ್ಲ ಸರ್! ತಾಗಿಸಲ್ಲ ಸರ್!" ಎಂದು ಅವಳು ಕೂಗಿದಳು. "ನಾನು ರೆಟ್ಟಾ! ವನೀಟಾಳ ಅಕ್ಕನ ಮಗಳು!"

ಥರ್ಮನ್ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ. ಒಂದು ಕಾಲು ಇರಬಾರದ ಕಡೆ ತಿರುಗಿತ್ತು. ತುಟಿ ನೀಲಿ. ಬಲಗೈ ಪಿಸ್ತೂಲಿನ ಮೇಲಿತ್ತು, ಪಿಸ್ತೂಲು ಬಾಗಿಲಿನ ಕಡೆಗಿತ್ತು. ರೆಟ್ಟಾ ಅದನ್ನು ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಮುದುಕ ಬಿಗಿ ಹಿಡಿದಿರಲಿಲ್ಲ. ಬೆರಳುಗಳು ಮರಗಟ್ಟಿದ್ದವು.

ಬಾವುಟವನ್ನು ಎರಡು ಕುರ್ಚಿಗಳ ಮೇಲೆ ಹರಡಿದಳು. ಮಂಚದ ಮೇಲಿದ್ದ ಹೊದಿಕೆಗಳನ್ನೆಲ್ಲ ತಂದು ಅವನ ಮೇಲೆ ಹಾಕಿದಳು. ಗೋಡೆಯ ಫೋನಿನಲ್ಲಿ ಮೊದಲು ಆಂಬುಲೆನ್ಸಿಗೆ, ಆಮೇಲೆ ಚಿಕ್ಕಮ್ಮನಿಗೆ ಮಾಡಿದಳು. ಆಂಬುಲೆನ್ಸಿನವರು ರಸ್ತೆ ನೋಡಿಕೊಂಡು ಬರುತ್ತೇವೆ ಎಂದರು. ಎಷ್ಟು ಹೊತ್ತು ಎಂದು ಹೇಳಲಿಲ್ಲ. ಅವನ ತಲೆಯ ಬಳಿ ಕೂತು, ಉಸಿರಿನ ಸದ್ದು ಕೇಳುತ್ತಿದ್ದಳು. ಅದು ನಿಲ್ಲುತ್ತಿತ್ತು. ಅವಳ ಉಸಿರೂ ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು.

"ನಿನ್ನೆ ಮಧ್ಯಾಹ್ನ ಬಿದ್ದೆ," ಎಂದ ಥರ್ಮನ್. "ಸಂಜೆ ಯಾರೋ ಗೇಟಿನ ತನಕ ಬಂದ್ರು. ಗಾಡಿ ಸದ್ದು ಕೇಳಿಸ್ತು. ಕೂಗಿದೆ. ಹೊರಟೋದ್ರು."

ರೆಟ್ಟಾ ಕುರ್ಚಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

"ಅದು ನಾನೇ, ಸರ್."

ಅವನ ಕಣ್ಣು ನಿಧಾನವಾಗಿ ಅವಳ ಕಡೆ ತಿರುಗಿತು.

"ಬೋರ್ಡು ಓದಿದ್ಯಾ?"

"ಓದಿದೆ ಸರ್."

"ಹಾಗಾದ್ರೆ ಸರಿಯಾಗೇ ಮಾಡಿದ್ದೀಯ," ಎಂದ. ಕಣ್ಣು ಮುಚ್ಚಿದ.

ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಈ ಮಾತನ್ನು ತಾಳಿಕೊಳ್ಳಲಾಗಲಿಲ್ಲ. ಅವನು ಕರುಣೆಯಿಂದ ಹೇಳಿರಲಿಲ್ಲ. ನಂಬಿ ಹೇಳಿದ್ದ. ಅವಳೂ ಅದನ್ನೇ ನಂಬಿ ಮನೆಗೆ ಹೋಗಿ, ಸೂಪು ಕುಡಿದು ಮಲಗಿದ್ದಳು.

ಹೊರಗೆ ಗಾಡಿಗಳ ಸದ್ದು ಬಂತು. ಒಂದಲ್ಲ, ಆರು ಏಳು. ನಿಂತವು. ರೆಟ್ಟಾ ಕಾದಳು. ಯಾರೂ ಬರಲಿಲ್ಲ. ಥರ್ಮನ್‌ನ ಉಸಿರು ಮತ್ತೊಮ್ಮೆ ನಿಂತು, ಈ ಸಲ ಬಹಳ ಹೊತ್ತು ನಿಂತು, ಕೊನೆಗೆ ಶುರುವಾಯಿತು. ಅವಳು ಬಾಗಿಲಿಗೆ ಓಡಿದಳು.

ಇಡೀ ಹೋಟೆಲು ಗೇಟಿನ ಆಚೆ ನಿಂತಿತ್ತು. ಲೀಲ್ಯಾಂಡ್ ಮತ್ತು ಇನ್ನಿಬ್ಬರು ಒಂದು ಬಾಗಿಲ ಹಲಗೆಯನ್ನು ಹೊತ್ತುಕೊಂಡಿದ್ದರು. ವನೀಟಾಳ ಕೈಯಲ್ಲಿ ಬಿಸಿನೀರಿನ ಚೀಲ. ಮಳೆ ಎಲ್ಲರ ತಲೆಯ ಮೇಲೆ ಬೀಳುತ್ತಿತ್ತು. ಬೋರ್ಡಿನ ಮುಂದೆ ಸಾಲಾಗಿ, ಟೊಪ್ಪಿ ತೆಗೆದು, ಕರೆಯುವುದನ್ನೇ ಕಾಯುತ್ತಿದ್ದರು.

"ಬನ್ನಿ!" ಎಂದು ರೆಟ್ಟಾ ಚೀರಿದಳು. "ನಿಂತಿದ್ದೀರಲ್ಲಾ, ದೇವರಾಣೆ, ಬನ್ನಿ!"

ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಕೀಲಿಯನ್ನು ಕಿತ್ತುಕೊಂಡು, ಜಾರುತ್ತ, ಒಮ್ಮೆ ಬಿದ್ದು, ಗೇಟಿಗೆ ಹೋಗಿ ಬೀಗ ತೆಗೆದಳು. ಅವರು ಅವಳನ್ನು ಹಾಯ್ದು ಓಡಿದರು.

ಆಂಬುಲೆನ್ಸು ಬಂದದ್ದು ಎಪ್ಪತ್ತು ನಿಮಿಷಕ್ಕೆ. ಅಷ್ಟೂ ಹೊತ್ತು ವನೀಟಾ ಅವನ ಕೈ ಉಜ್ಜಿದಳು, ಲೀಲ್ಯಾಂಡ್ ಒಲೆಗೆ ಸೌದೆ ಒಟ್ಟಿದ. ಥರ್ಮನ್ ಬದುಕಿಯೇ ಗಾಡಿ ಹತ್ತಿದ. ಹತ್ತುವಾಗ ರೆಟ್ಟಾಳನ್ನು ಹುಡುಕಿ ಹೇಳಿದ: "ಗೇಟಿಗೆ ಬೀಗ ಹಾಕು, ಮಗಳೇ."

"ಆಯ್ತು ಸರ್," ಎಂದಳು.

ಎಲ್ಲರೂ ಹೋದ ಮೇಲೆ ಗೇಟನ್ನು ಎಳೆದಳು. ಸರಪಳಿ ಸುತ್ತಿದಳು. ಬೀಗ ಅವಳ ಕೈಯಲ್ಲಿತ್ತು, ಕೆಳಗೆ ರಸ್ತೆಯಲ್ಲಿ ಆಂಬುಲೆನ್ಸಿನ ದೀಪ ಇನ್ನೂ ಕಾಣುತ್ತಿತ್ತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿದಳು. ಬೋಳು ಕಂಬ, ಮಳೆ.

ಅವಳು ಹುಟ್ಟಿದಂದಿನಿಂದ ಯಾರದೂ ಏನೂ ತೆಗೆದುಕೊಂಡವಳಲ್ಲ. ಬೀಗವನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬೀಗವಿಲ್ಲದ ಗೇಟನ್ನು ಹಾಗೇ ಬಿಟ್ಟು, ಕಳ್ಳಿಯಂತೆ ಗುಡ್ಡ ಇಳಿದಳು.